ಐದು ಮತ್ತು ಆರು

ಬೀರೂರಿನಿಂದ ಬಂದ ಬೆಳಗಿನ ಗಾಡಿಯಲ್ಲಿ ಎಂಟು ಡಬ್ಬ.
ಸೈಕಲ್ಲಿನ ಹಿಂದೆ ನಾಲ್ಕು, ಹ್ಯಾಂಡಲ್ಲಿಗೆ ಅತ್ತ ಎರಡು ಇತ್ತ ಎರಡು,
ಸ್ಟೇಷನ್ನಿನಿಂದ ಗೋಪಿ ಸರ್ಕಲ್ಲಿನ ತನಕ ತಳ್ಳಿಕೊಂಡೇ ಬಂದೆ.
ದಿಲ್ಲಿಯಲ್ಲಿ ಪದಕ ತೊಟ್ಟ ಚಿತ್ರ ಲಾಜರಣ್ಣ, ಹುಷಾರು,
ಅಂದಿದ್ದರು ಪ್ರೊಫೆಸರ್ ಹಾಲಸ್ವಾಮಿ.
ಪದಕದ್ದಕ್ಕೂ ಅಷ್ಟೇ ಭಾರ, ಪೊಲೀಸ್ ಪಿಚ್ಚರಿಗೂ ಅಷ್ಟೇ ಭಾರ;
ತೂಕದ ಮಾತು ಬಂದರೆ ನನ್ನ ರಟ್ಟೆಯನ್ನು ಕೇಳಬೇಕು.

ಭಾನುವಾರ ಒಂಬತ್ತೂವರೆ. ಗಜಲಕ್ಷ್ಮಿ ಟಾಕೀಸಿನಲ್ಲಿ
ಮೂವತ್ತೊಂದು ಜನ. ಬಾಲ್ಕನಿಯಲ್ಲಿ ಒಂದು ಬೆಕ್ಕು.
ಶನಿವಾರದ ಸೆಕೆಂಡ್ ಷೋದ ಬೀಡಿ ವಾಸನೆ
ಇನ್ನೂ ಕುರ್ಚಿ ಬಿಟ್ಟು ಎದ್ದಿರಲಿಲ್ಲ.
ಪರದೆಯ ಮೇಲೆ ಒಬ್ಬ ಮುದುಕಿ ಬಸಲೆ ಸೋಸಿದಳು.
ಸೋಸಿದಳು.
ನಾನು ಕಾರ್ಬನ್ ಕಡ್ಡಿ ಸರಿಮಾಡಿ, ಟೀ ಕುಡಿದು, ಲೋಟ ತೊಳೆದಿಟ್ಟೆ,
ಸೋಸುತ್ತಲೇ ಇದ್ದಳು.
ಕಡಲೆಕಾಯಿ ಬಾಷಾ ಅರ್ಧಕ್ಕೇ ಬುಟ್ಟಿ ಹೊತ್ತು
ಬಸ್‌ಸ್ಟ್ಯಾಂಡಿನ ದಾರಿ ಹಿಡಿದ.
ಬುತ್ತಿ ತಂದ ಫಿಲೋಮಿನಾ ಕಿಂಡಿಯಲ್ಲಿ ಇಣುಕಿ
ತೀರ್ಪು ಕೊಟ್ಟಳು: "ಇಷ್ಟು ಹೊತ್ತು ಸೋಸಿದ್ರು,
ಸಾರು ಮಾಡ್ಲೇ ಇಲ್ಲವಲ್ರೀ."

ತಪ್ಪಾದದ್ದು ಐದನೆಯದರಲ್ಲಿ.
ಪಾರ್ಸೆಲ್ ಆಫೀಸಿನ ಒದ್ದೆ ನೆಲಕ್ಕೆ ಚೀಟಿ ಕಿತ್ತುಹೋಗಿತ್ತು,
ಐದೆಂದು ನಾನು ಏರಿಸಿದ್ದು ಆರು.
ಮುದುಕಿ ಸತ್ತಳು. ಹೊತ್ತುಕೊಂಡು ಹೋದರು. ಹೊಳೆಯಲ್ಲಿ ಮಿಂದರು.
ಮುಂದಿನ ರೀಲಿನಲ್ಲಿ ಆಕೆಯೇ ಒರಳಿನ ಮುಂದೆ ಕೂತು
ದೋಸೆಗೆ ಅಕ್ಕಿ ರುಬ್ಬುತ್ತಿದ್ದಳು.
ನನ್ನ ಎದೆ ಪ್ರೊಜೆಕ್ಟರಿಗಿಂತ ಜೋರಾಗಿ ಓಡಿತು.
ಬೇರೆ ದಿನವಾಗಿದ್ದರೆ
ಒಂದು ಫೈಟು ಹಾರಿದರೂ ಸೀಟಿನ ಹತ್ತಿ ಹೊರಗೆ ಬರುತ್ತಿತ್ತು,
ನಮ್ಮಪ್ಪನಿಂದ ಮುತ್ತಾತನ ತನಕ ಎಲ್ಲರನ್ನೂ ಎಬ್ಬಿಸುತ್ತಿದ್ದರು.
ಇವರು ಗದ್ದಕ್ಕೆ ಕೈ ಕೊಟ್ಟು ಕೂತಿದ್ದರು.
ಒಂದು ಸಿಳ್ಳೆಯಿಲ್ಲ.

ಆಮೇಲೆ ಚರ್ಚೆ. ಕಾಫಿ ಹಂಚುತ್ತ ಕೇಳಿಸಿಕೊಂಡೆ:
ಕಾಲ ಇಲ್ಲಿ ನೇರವಾಗಿ ಹರಿಯುವುದಿಲ್ಲವಂತೆ.
ಭದ್ರಾವತಿಯ ಕಾಗದ ಕಾರ್ಖಾನೆಯ ಇಂಜಿನಿಯರು
ಇಂಥದ್ದು ಫ್ರಾನ್ಸಿನವರಿಗೂ ಹೊಳೆದಿಲ್ಲ ಅಂದರು.
ಹಾಲಸ್ವಾಮಿ ಎದ್ದು, "ಸಾವು ಇಲ್ಲಿ ಕೊನೆಯ ಮಾತಲ್ಲ" ಅಂದವರು
ಮುಂದೆ ಏನೂ ಹೇಳದೆ ಕೂತರು.
ವಾರ ಕಳೆದು ಪೇಪರಿನಲ್ಲಿ ಬಂತು, ಎರಡು ಕಾಲಂ.
ಗಂಜಿ ಸವರಿ ಕ್ಯಾಬಿನ್ನಿನ ಗೋಡೆಗೆ ಅಂಟಿಸಿದೆ,
ಬೇಜಾರಾದಾಗ ಓದಿ ನಗಲಿಕ್ಕೆ.

ಟಾಕೀಸು ಈಗ ಬಟ್ಟೆ ಅಂಗಡಿ. ನನ್ನ ಕ್ಯಾಬಿನ್ನಿನಲ್ಲಿ
ಸೀರೆಗೆ ಫಾಲ್ಸ್ ಹೊಲಿಯುತ್ತಾರೆ.
ಹೋದ ವರ್ಷ ಟೀವಿಯಲ್ಲಿ, ನಡುರಾತ್ರಿ, ಅದೇ ಚಿತ್ರ.
ಸರಿಯಾದ ಸಾಲಿನಲ್ಲಿ: ರುಬ್ಬಿದಳು, ಆಮೇಲೆ ಸತ್ತಳು.
ಅಷ್ಟೇ. ಎಲ್ಲರ ಮನೆಯ ಹಾಗೆ.
ಇದಕ್ಕಾ ಪದಕ, ಅಂದುಕೊಂಡೆ. ಆರಿಸಲಿಲ್ಲ ಮಾತ್ರ.
ಸುಳ್ಳು ಯಾಕೆ,
ಆಕೆ ಎದ್ದು ಬರಲಿ ಅಂತ ಸ್ವಲ್ಪ ಹೊತ್ತು ಕಾದೆ.

ಮೊನ್ನೆ ಹಾಲಸ್ವಾಮಿ ಬಂದಿದ್ದರು. ಊರುಗೋಲು, ಕಣ್ಣಿಗೆ ಪೊರೆ.
ಇವತ್ತು ಹೇಳಿಬಿಡೋಣ ಅಂತ ಬಾಯಿ ತೆರೆದೆ,
ಅಷ್ಟರಲ್ಲಿ ಅವರೇ ಶುರುಮಾಡಿದರು:
"ಆ ಚಿತ್ರ ಅಂಥಾ ದೊಡ್ಡದೇನಲ್ಲ ಲಾಜರಣ್ಣ.
ಬೆಂಗಳೂರಲ್ಲಿ ಇನ್ನೊಂದು ಸಲ ನೋಡಿದೆ. ಸಪ್ಪೆ.
ಆದ್ರೆ ಅವತ್ತು, ನಮ್ಮವ್ವ ಹೋಗಿ ಹನ್ನೊಂದು ದಿನ ನೋಡು,
ಆ ಮುದುಕಿ ತಿರುಗಿ ಬಂದು ಒರಳಿನ ಮುಂದೆ ಕೂತಳಲ್ಲ,
ಅದು ಬೆಂಗಳೂರಿನ ಪ್ರಿಂಟಿನಲ್ಲಿ ಇರಲಿಲ್ಲ.
ಯಾರೋ ಕತ್ತರಿ ಹಾಕಿದ್ದಾರೆ, ಪಾಪಿಗಳು."

ನಾನು ಹೂಂ ಅಂದೆ.
ಒಳಗಿನಿಂದ ಫಿಲೋಮಿನಾ: "ಉಂಡುಕೊಂಡೇ ಹೋಗಲಿ ಅವರು.
ಸೋಸಿದ್ದಾಯ್ತು.
ಕುದಿಯೋದೊಂದೇ ಬಾಕಿ."